ಬೀಥೋವನ್‌ನ ಒಂಬತ್ತು ಸಿಂಫನಿಗಳು: ಒಂದೇ ಸೆಟ್ ಕೊಳ್ಳುವುದಾದರೆ ಯಾವುದು?

ಪ್ರಶ್ನೆ: ನಾನು ಮಂಡ್ಯದಲ್ಲಿರುವ ನಿವೃತ್ತ ಕನ್ನಡ ಅಧ್ಯಾಪಕ. 40 ವರ್ಷಗಳಿಂದ ಕರ್ನಾಟಕ ಸಂಗೀತ ಕೇಳುತ್ತ ಬಂದವನು. ಈಚೆಗೆ ಬೀಥೋವನ್‌ನ ಐದನೆಯ ಮತ್ತು ಏಳನೆಯ ಸಿಂಫನಿಗಳನ್ನು ಕೇಳಿ ಮನಸೋತಿದ್ದೇನೆ. ಒಂಬತ್ತನ್ನೂ ಕೇಳುವ ಆಸೆಯಾಗಿದೆ. ಮಗ ಸಿ.ಡಿ. ಸೆಟ್ ಕೊಡಿಸುತ್ತೇನೆ ಎನ್ನುತ್ತಾನೆ. ಆದರೆ ವಾದ್ಯವೃಂದದ ನಿರ್ದೇಶಕ ಕಾರಾಯಾನ್ ಅವರೊಬ್ಬರದೇ ನಾಲ್ಕು ಸೆಟ್‌ಗಳಿವೆಯಂತೆ. ಪರಿಚಿತರೊಬ್ಬರು, ಬೀಥೋವನ್ ಕಾಲದ ವಾದ್ಯಗಳಲ್ಲಿ ನುಡಿಸಿದ್ದನ್ನು ಬಿಟ್ಟು ಬೇರೇನನ್ನೂ ಕೊಳ್ಳಬೇಡಿ ಎನ್ನುತ್ತಾರೆ. ಕಾರಾಯಾನ್ ಅವರಿಗೂ ನಮ್ಮ ಮೈಸೂರಿನ ಮಹಾರಾಜರಿಗೂ ನಂಟಿತ್ತೆಂದು ಬೇರೆ ಕೇಳಿದ್ದೇನೆ. ನಮ್ಮ ನಡುಮನೆ 12 ಅಡಿಗೆ 14 ಅಡಿ, ಇರುವುದು ಎರಡು ಸಣ್ಣ ಸ್ಪೀಕರ್. ಯಾವುದನ್ನು ಕೊಳ್ಳಲಿ?

ಉತ್ತರ: ಮೊದಲಿಗೆ ಒಂದು ವಿನಂತಿ. ಐದನೆಯ ಸಿಂಫನಿಯನ್ನು ಕೇಳಿ ಸೆಟ್ ಆರಿಸಬೇಡಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಇಲ್ಲಿ ಮಾತ್ರ ಯಾವ ಅಗುಳನ್ನು ಹಿಸುಕುತ್ತೇವೆ ಎಂಬುದು ಮುಖ್ಯವಾಗುತ್ತದೆ. ಮೂರು, ಐದು, ಏಳು, ಒಂಬತ್ತು ಇವುಗಳನ್ನು ಹೆಸರಾಂತ ನಿರ್ದೇಶಕರೆಲ್ಲ ಮನಸ್ಸಿಟ್ಟು ನುಡಿಸಿರುತ್ತಾರೆ, ಬಿಡಿಯಾಗಿಯೂ ಇವುಗಳ ಉತ್ತಮ ಧ್ವನಿಮುದ್ರಣಗಳು ಬೇಕಾದಷ್ಟು ಸಿಗುತ್ತವೆ. ನಾವು ಸೆಟ್ಟೊಂದಕ್ಕೆ ಹಣ ಕೊಡುವುದು, ಬಿಡಿಯಾಗಿ ಕೊಳ್ಳಲು ಯಾರಿಗೂ ನೆನಪಾಗದ ಎರಡನೆಯದು, ನಾಲ್ಕನೆಯದು ಮತ್ತು ಎಂಟನೆಯದು ನಮ್ಮ ಮನೆಗೆ ಬರಲೆಂದು. ಒಂಬತ್ತರ ಪೂರ್ಣ ಸೆಟ್ ಮಾಡಲು ಹೊರಟ ನಿರ್ದೇಶಕರು ಈ ಮೂರನ್ನು ಲೆಕ್ಕ ತುಂಬಿಸಲು ನುಡಿಸಿದ್ದಾರೋ, ಅಥವಾ ಉಳಿದ ಆರರಷ್ಟೇ ಶ್ರದ್ಧೆಯಿಂದ ನುಡಿಸಿದ್ದಾರೋ ಎಂಬುದು ಸ್ವಲ್ಪ ಕೇಳಿದರೂ ತಿಳಿದುಬಿಡುತ್ತದೆ.

ಎಂಟನೆಯದರಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಅದರ ಮೊದಲ ಭಾಗದ ನಡುವೆ ಸಂಗೀತ ಒಂದೇ ಸಮನೆ ಬಿಗಿಯುತ್ತಾ, ಸದ್ದು ಏರುತ್ತಾ ಹೋಗಿ, ಕೊನೆಗೆ ಆರಂಭದ ಎಳೆ, ಅಂದರೆ ಮುಖ್ಯ ಸ್ವರಗುಚ್ಛ, ಮತ್ತೆ ಬರುವ ಜಾಗವೊಂದಿದೆ. ಅಲ್ಲಿ ಬೀಥೋವನ್ ಗಟ್ಟಿಯಾಗಿ ನುಡಿಸಿ ಎಂಬ ಗುರುತಿನ ‘ಎಫ್’ ಅಕ್ಷರವನ್ನು ಒಂದಲ್ಲ, ಮೂರು ಸಲ ಬರೆದಿದ್ದಾನೆ. ಆದರೆ ಮರಳಿ ಬರುವ ಆ ಎಳೆಯನ್ನು ಅವನು ಕೊಟ್ಟಿರುವುದು ಕೆಳಗಿನ ಸ್ಥಾಯಿಯ ವಾದ್ಯಗಳಾದ ಚೆಲ್ಲೊ, ಡಬಲ್ ಬೇಸ್ ಮತ್ತು ಬಸೂನ್‌ಗಳಿಗೆ. ಮೇಲಿನ ವಾದ್ಯಗಳೆಲ್ಲ ಅಬ್ಬರಿಸುತ್ತಿರುವಾಗ ಕೆಳಗಿನ ಎಳೆ ಕೇಳಿಸಬೇಕು. ಅನೇಕ ಸೆಟ್‌ಗಳಲ್ಲಿ ಅದು ಮುಳುಗಿಹೋಗಿ, ಎಳೆ ಮರಳಿ ಬಂದದ್ದೇ ಗೊತ್ತಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಮೈಸೂರಿನ ನಮ್ಮ ಮನೆಯಲ್ಲಿ ಈ ಅರ್ಧ ನಿಮಿಷವನ್ನು ಮೂರು ಬೇರೆ ಬೇರೆ ಸೆಟ್‌ಗಳಿಂದ ಒಂದರ ಹಿಂದೊಂದು ಹಾಕಿದ್ದೆ. ಕೇಳಲು ಬಂದವರಲ್ಲಿ ಮೃದಂಗ ಕಲಿಯುವ ಹುಡುಗನೊಬ್ಬನಿದ್ದ. ಪಾಶ್ಚಾತ್ಯ ಸಂಗೀತವನ್ನು ಅವನು ಕೇಳಿದ್ದು ಅದೇ ಮೊದಲು. ಎರಡನೆಯದು ಮುಗಿಯುತ್ತಿದ್ದಂತೆ, “ಸಾರ್, ಇದರಲ್ಲಿ ಎಡಗಡೆ ಕೇಳಿಸ್ತಾ ಇದೆ, ಮೊದಲನೇದರಲ್ಲಿ ಬರೀ ಬಲಗಡೆ” ಎಂದ. ತೊಪ್ಪಿಯ, ಅಂದರೆ ಮೃದಂಗದ ಎಡಮುಖದ, ಸದ್ದಿಗೆ ಕಿವಿ ಹದಗೊಂಡವನು ಅವನು. ಸೆಟ್ಟನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಇನ್ನೂ ಸಿಕ್ಕಿಲ್ಲ.

ಇನ್ನೊಂದು ಅಗುಳು ನಾಲ್ಕನೆಯದರ ಕೊನೆಯ ಭಾಗದಲ್ಲಿದೆ. ಎಳೆ ಮರಳುವ ಹೊತ್ತಿಗೆ ಒಂಟಿ ಬಸೂನ್ ಒಂದು ಅದನ್ನು ಅವಸರ ಅವಸರವಾಗಿ ನುಡಿದು ಹೋಗುತ್ತದೆ. ಎರಡು ಉಸಿರಿನಲ್ಲಿ ಮುಗಿಯುವ ಮಾತು. ಬೀಥೋವನ್ ಸೂಚಿಸಿದ ವೇಗದಲ್ಲಿ ಅದನ್ನು ಸ್ಪಷ್ಟವಾಗಿ ನುಡಿಸುವುದು ಬಸೂನ್ ವಾದಕರಿಗೆ ಅಗ್ನಿಪರೀಕ್ಷೆ. ಕೆಲವು ನಿರ್ದೇಶಕರು ವಾದಕನ ಮೇಲೆ ಕರುಣೆಯಿಟ್ಟು ಇಡೀ ಭಾಗವನ್ನೇ ನಿಧಾನಗೊಳಿಸುತ್ತಾರೆ. ಸೆಟ್‌ಗಳನ್ನು ಕೊಳ್ಳುವ ಮೊದಲು ಫೋನಿನಲ್ಲಾದರೂ ಈ ಎರಡು ಜಾಗಗಳನ್ನು ಕೇಳಿ ನೋಡಿ.

ಇನ್ನು ಕಾರಾಯಾನ್ ಅವರ ವಿಷಯ. ನಂಟು ನಿಜ, ಆದರೆ ಅದನ್ನು ಇದ್ದಷ್ಟೇ ಹೇಳಬೇಕು. ಜಯಚಾಮರಾಜ ಒಡೆಯರ್ ಅವರು ಪಿಯಾನೊವನ್ನು ಶಾಸ್ತ್ರೋಕ್ತವಾಗಿ ಕಲಿತವರು, ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಫೆಲೊ ಆದವರು. ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಡ್ಟ್ನರ್ ಲಂಡನ್ನಿನಲ್ಲಿ ಮುಪ್ಪಿನ ದಿನಗಳನ್ನು ಕಳೆಯುತ್ತಿದ್ದಾಗ, ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಇವರೇ. ಮೆಡ್ಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ್ದಾರೆ. ಧ್ವನಿಮುದ್ರಣಗಳ ನಿರ್ಮಾಪಕ ವಾಲ್ಟರ್ ಲೆಗ್ ಅವರು 1945ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಫಿಲ್ಹಾರ್ಮೋನಿಯ ವಾದ್ಯವೃಂದದ ಕಛೇರಿ ಸಂಸ್ಥೆಗೆ ಒಡೆಯರ್ ಅವರು ಮೊದಲ ಅಧ್ಯಕ್ಷರು. ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ಅವರ ನಿರ್ದೇಶನದಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಮೈಸೂರಿನ ಬೆಂಬಲದಿಂದ. ಅದೇ ಕಾಲದಲ್ಲಿ ಕಾರಾಯಾನ್ ಅದೇ ವೃಂದದೊಡನೆ ಬಲಕಿರೆವ್‌ನ ಮೊದಲ ಸಿಂಫನಿಯನ್ನು ಧ್ವನಿಮುದ್ರಿಸಿದ್ದು ಮಹಾರಾಜರ ಮೈಸೂರು ಪ್ರತಿಷ್ಠಾನದ ನೆರವಿನಿಂದಲೇ. ಗಮನಿಸಿ: ಮಹಾರಾಜರು ಹಣ ಹಾಕಿದ್ದು ಅಂಗಡಿಯಲ್ಲಿ ಸುಲಭವಾಗಿ ಖರ್ಚಾಗುವ ಬೀಥೋವನ್‌ಗಲ್ಲ, ಯಾರೂ ಮುದ್ರಿಸಲು ಮುಂದಾಗದ ಕೃತಿಗಳಿಗೆ. ಆ ದೂರದೃಷ್ಟಿಯನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಕಾರಾಯಾನ್ ಅವರ ಮೊದಲ ಬೀಥೋವನ್ ಸೆಟ್ 1951ರಿಂದ 1955ರ ನಡುವೆ ಫಿಲ್ಹಾರ್ಮೋನಿಯದೊಡನೆ ಆದದ್ದು. ಮಹಾರಾಜರು ಕೈಹಿಡಿದು ನಿಲ್ಲಿಸಿದ ವೃಂದ ಎಂಬ ಕಾರಣಕ್ಕೆ ಅದರ ಮೇಲೆ ಮೈಸೂರಿನವರಾದ ನಮಗೆ ಮಮತೆ ಸಹಜ. ಕೇಳಲು ಚೊಕ್ಕವಾಗಿದೆ, ಲವಲವಿಕೆಯೂ ಇದೆ. ಆದರೆ ಬಹುಪಾಲು ಮೊನೊ, ಅಂದರೆ ಎರಡೂ ಸ್ಪೀಕರ್‌ಗಳಲ್ಲಿ ಒಂದೇ ಸದ್ದು. ಮಮತೆಗಾಗಿ ಎರಡನೆಯ ಸೆಟ್ ಆಗಿ ಕೊಳ್ಳಬಹುದೇ ಹೊರತು ಮೊದಲನೆಯದಾಗಿ ಅಲ್ಲ.

ಉಳಿದ ಮೂರೂ ಬರ್ಲಿನ್ ಫಿಲ್ಹಾರ್ಮೋನಿಕ್ ವೃಂದದವು: 1961–62, 1975–77 ಮತ್ತು 1982–84. ಇವುಗಳಲ್ಲಿ ಮೊದಲನೆಯದನ್ನು ಬಿಟ್ಟು ಬೇರೆಯದನ್ನು ನಾನು ಶಿಫಾರಸು ಮಾಡುವುದಿಲ್ಲ. ಬರ್ಲಿನ್ನಿನ ಯೇಸು ಕ್ರಿಸ್ತ ಚರ್ಚಿನಲ್ಲಿ ಮುದ್ರಿಸಿ, 1963ರಲ್ಲಿ ಎಂಟು ಎಲ್.ಪಿ.ಗಳ ಒಂದೇ ಪೆಟ್ಟಿಗೆಯಾಗಿ ಹೊರಬಂದ ಆ ಸೆಟ್‌ನಲ್ಲಿ ಬಿಗಿ ಇದೆ, ಹಸಿವಿದೆ. 1970ರ ದಶಕದ್ದು ನಯವಾಗುತ್ತ ಹೋಗಿ, ಎಲ್ಲ ವಾದ್ಯಗಳ ಮೇಲೂ ಒಂದೇ ಬಗೆಯ ಮೆರುಗೆಣ್ಣೆ ಬಳಿದಂತೆ ಕೇಳಿಸುತ್ತದೆ. ಡಿಜಿಟಲ್ ಕಾಲದ ಕೊನೆಯ ಸೆಟ್‌ನ ಧ್ವನಿ ಸಣ್ಣ ಸ್ಪೀಕರ್‌ಗಳಲ್ಲಿ ಕಟುವಾಗಿದೆ. ಹೊಸದೇ ಉತ್ತಮವಿರಬೇಕೆಂದು ಅಂಗಡಿಯವರು ಇದನ್ನೇ ಮುಂದಿಟ್ಟರೆ ದಯವಿಟ್ಟು ಬೇಡವೆನ್ನಿ.

ಆದರೆ ತಮ್ಮಂಥ ಕೇಳುಗರಿಗೆ ನಿರ್ದೇಶಕರ ಹೆಸರಿಗಿಂತ ಮೊದಲು ತೀರ್ಮಾನವಾಗಬೇಕಾದದ್ದು ಕಾಲಪ್ರಮಾಣ. ಬೀಥೋವನ್ 1817ರಲ್ಲಿ ತನ್ನ ಮೊದಲ ಎಂಟು ಸಿಂಫನಿಗಳ ಪ್ರತಿ ಭಾಗಕ್ಕೂ ಮೆಟ್ರೊನೋಮ್ (ಲಯ ಅಳೆಯುವ ಯಂತ್ರ) ಗುರುತುಗಳನ್ನು ಪ್ರಕಟಿಸಿದ. ಅವು ಬಹಳ ಚುರುಕಿನವು. ಮೂರನೆಯ ಸಿಂಫನಿಯ, ಅಂದರೆ ‘ಎರೋಯಿಕಾ’ದ, ಮೊದಲ ಭಾಗವನ್ನೇ ನೋಡಿ: ನಿಮಿಷಕ್ಕೆ 60 ಆವರ್ತ ಎಂದು ಅವನ ಗುರುತು, ಇರುವುದು 691 ಆವರ್ತ. ಮೊದಲ ಖಂಡವನ್ನು ಮತ್ತೊಮ್ಮೆ ನುಡಿಸದಿದ್ದರೆ ಹನ್ನೊಂದೂವರೆ ನಿಮಿಷ, ನುಡಿಸಿದರೆ ಸುಮಾರು 14 ನಿಮಿಷ. ಆಟೊ ಕ್ಲೆಂಪರರ್ ಅವರು ಅದೇ ಫಿಲ್ಹಾರ್ಮೋನಿಯ ವೃಂದದೊಡನೆ 1959ರಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ, ಪುನರಾವೃತ್ತಿ ಇಲ್ಲದೆಯೂ ಈ ಭಾಗ 16 ನಿಮಿಷ ದಾಟುತ್ತದೆ. ಒಂದೇ ಕೃತಿಯನ್ನು ಒಬ್ಬರು ಮಧ್ಯಮ ಕಾಲದಲ್ಲೂ ಇನ್ನೊಬ್ಬರು ಚೌಕ ಕಾಲದಲ್ಲೂ ಹಾಡಿದಷ್ಟು ಅಂತರ. ಕ್ಲೆಂಪರರ್ ಅವರದು ತಪ್ಪೆಂದು ನಾನು ಹೇಳಲಾರೆ. ಅವರ ನಿಧಾನದಲ್ಲಿ ಕಾಲಪ್ರಮಾಣ ಒಂದಿಷ್ಟೂ ಜಾರುವುದಿಲ್ಲ. ಮೊದಲ ಮತ್ತು ಎರಡನೆಯ ಪಿಟೀಲು ಗುಂಪುಗಳನ್ನು ಎಡಕ್ಕೂ ಬಲಕ್ಕೂ ಕೂರಿಸಿರುವುದರಿಂದ ಅವುಗಳ ಸವಾಲು ಜವಾಬುಗಳು ಎರಡು ಸ್ಪೀಕರ್‌ಗಳಲ್ಲಿ ನಿಚ್ಚಳವಾಗಿ ಕೇಳುತ್ತವೆ. ಆದರೆ ಎಂಟನೆಯದಕ್ಕೆ ಆ ಗಾಂಭೀರ್ಯ ಭಾರವಾಯಿತು.

ತಾವು ಕನ್ನಡ ಕಲಿಸಿದವರಾದ್ದರಿಂದ ಏಳನೆಯದರ ಎರಡನೆಯ ಭಾಗವನ್ನು ಛಂದಸ್ಸಿನ ಮೂಲಕವೇ ತೋರಿಸಬಹುದು. ಇಡೀ ಭಾಗದ ಬೆನ್ನೆಲುಬು ಒಂದೇ ನಡೆ: ಗುರು, ಲಘು, ಲಘು, ಗುರು, ಗುರು. ಒಂದು ಭಗಣ, ಅದರ ಬೆನ್ನಿಗೆ ಎರಡು ಗುರು. ಪ್ರಸ್ತಾರ ಹಾಕಿ ಕೇಳಿದರೆ ಕೊನೆಯವರೆಗೂ ಕೈ ತಪ್ಪುವುದಿಲ್ಲ. ಬೀಥೋವನ್ ಇದಕ್ಕೆ ಬರೆದದ್ದು ‘ಅಲೆಗ್ರೆಟೊ’, ಅಂದರೆ ತುಸು ಚುರುಕಾಗಿ, ನಿಮಿಷಕ್ಕೆ 76 ಗುರುಗಳು. ಹಳೆಯ ನಿರ್ದೇಶಕರಲ್ಲಿ ಹಲವರು ಇದನ್ನು ಶವಯಾತ್ರೆಯಂತೆ ಎಳೆದರು. ಎಳೆದಾಗ ಏನಾಗುತ್ತದೆಂದರೆ, ಐದು ಅಕ್ಷರಗಳು ಐದು ಬಿಡಿ ಪೆಟ್ಟುಗಳಾಗಿ ಗಣವೇ ಒಡೆದುಹೋಗುತ್ತದೆ. ನಡೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಅದು ಒಂದೇ ಪದವಾಗಿ ಕಿವಿಗೆ ಬೀಳುತ್ತದೆ, ದುಃಖವೂ ಕಡಿಮೆಯಾಗುವುದಿಲ್ಲ. ಮುದ್ದಣನೋ ಕುಮಾರವ್ಯಾಸನೋ, ಷಟ್ಪದಿಯನ್ನು ಗಮಕಿಗಳು ಎಷ್ಟೇ ನಿಧಾನಿಸಿದರೂ ಮಾತ್ರೆಗಳ ಲೆಕ್ಕ ಕೆಡಿಸುವುದಿಲ್ಲವಲ್ಲ, ಹಾಗೆ.

ಪರಿಚಿತರು ಹೇಳಿದ ಬೀಥೋವನ್ ಕಾಲದ ವಾದ್ಯಗಳ ಪಂಥಕ್ಕೆ ಬಲ ಬಂದದ್ದು 1980ರ ದಶಕದಲ್ಲಿ. ಕ್ರಿಸ್ಟೊಫರ್ ಹಾಗ್‌ವುಡ್, ರೋಜರ್ ನಾರಿಂಗ್ಟನ್, ಫ್ರಾನ್ಸ್ ಬ್ರೂಗೆನ್, ಆಮೇಲೆ ಜಾನ್ ಎಲಿಯಟ್ ಗಾರ್ಡಿನರ್ ಇವರೆಲ್ಲ ಕರುಳಿನ ತಂತಿಯ ಪಿಟೀಲು, ಕವಾಟಗಳಿಲ್ಲದ ಹಾರ್ನ್ ಮತ್ತು ಟ್ರಂಪೆಟ್, ಗಟ್ಟಿ ಕೋಲಿನಿಂದ ಬಾರಿಸುವ ಟಿಂಪನಿಗಳನ್ನು ಇಟ್ಟುಕೊಂಡು ಪೂರ್ಣ ಸೆಟ್‌ಗಳನ್ನು ಮಾಡಿದರು. ಇವುಗಳಲ್ಲಿ ಗಾರ್ಡಿನರ್ ಅವರದು, 1990ರ ದಶಕದ ಮೊದಲ ವರ್ಷಗಳದ್ದು, ಅತಿ ಅಚ್ಚುಕಟ್ಟು. ಮೆಟ್ರೊನೋಮ್ ಗುರುತುಗಳಿಗೆ ಬಹಳ ಹತ್ತಿರ ಹೋಗಿಯೂ ಒಂದು ಸ್ವರವೂ ಮಸುಕಾಗಿಲ್ಲ. ಕರ್ನಾಟಕ ಸಂಗೀತ ಕೇಳಿದವರಿಗೆ ಒಂದು ವಿಷಯ ಮೊದಲೇ ಹೇಳಿಬಿಡಬೇಕು: ಈ ವೃಂದಗಳ ಶ್ರುತಿ ಸಾಮಾನ್ಯವಾಗಿ ಈಗಿನದಕ್ಕಿಂತ ಕೆಳಗೆ, ಸೆಕೆಂಡಿಗೆ 440ರ ಬದಲು 430 ಕಂಪನಗಳ ಆಸುಪಾಸಿನಲ್ಲಿ ಇರುತ್ತದೆ. ಎರಡು ಸೆಟ್‌ಗಳನ್ನು ಬೆನ್ನುಬೆನ್ನಿಗೆ ಕೇಳಿದರೆ ಒಂದರಲ್ಲಿ ಅಪಶ್ರುತಿ ಎನಿಸಬಹುದು. ಅದು ದೋಷವಲ್ಲ, ನಡುವೆ ಸ್ವಲ್ಪ ಬಿಡುವು ಕೊಟ್ಟರೆ ಸರಿಹೋಗುತ್ತದೆ. ಪರಿಚಿತರ ಮಾತಿನ ಮೊದಲ ಅರ್ಧವನ್ನು ನಾನು ಒಪ್ಪುತ್ತೇನೆ. “ಬೇರೇನನ್ನೂ ಕೊಳ್ಳಬೇಡಿ” ಎಂಬುದನ್ನು ಒಪ್ಪಲಾರೆ, ಏಕೆಂದರೆ ವಾದ್ಯ ಹಳೆಯದಾದ ಮಾತ್ರಕ್ಕೆ ಕೈ ಒಳ್ಳೆಯದಾಗುವುದಿಲ್ಲ.

ಪಾಠಾಂತರದ ಪ್ರಶ್ನೆಯೂ ಇದರೊಡನೆ ಹೊಂದಿಕೊಂಡಿದೆ. ಒಂದೇ ಕೃತಿಯನ್ನು ಎರಡು ಶಿಷ್ಯಪರಂಪರೆಗಳು ಬೇರೆ ಬೇರೆಯಾಗಿ ಹಾಡುವುದು ನಮಗೆ ಹೊಸದಲ್ಲ. ಇಲ್ಲಿ ಎಲ್ಲವೂ ಬರವಣಿಗೆಯಲ್ಲಿದ್ದರೂ ಪಾಠಾಂತರ ತಪ್ಪಿಲ್ಲ. ಐದನೆಯದರ ಮೊದಲ ಭಾಗದಲ್ಲಿ ಎರಡನೆಯ ಎಳೆಯನ್ನು ಸಾರುವ ಕರೆ ಮೊದಲ ಬಾರಿ ಹಾರ್ನ್‌ಗಳಲ್ಲಿ ಬರುತ್ತದೆ. ಅದು ಬೇರೆ ಆಧಾರಸ್ವರದ ಮೇಲೆ ಮರಳುವಾಗ, ಆ ಕಾಲದ ಹಾರ್ನ್‌ನಲ್ಲಿ ಆ ಸ್ವರಗಳು ಸಲೀಸಾಗಿ ಹುಟ್ಟದ್ದರಿಂದ, ಬೀಥೋವನ್ ಅದನ್ನು ಬಸೂನ್‌ಗಳಿಗೆ ಬರೆದ. ಕವಾಟದ ಹಾರ್ನ್ ಬಂದ ಮೇಲೆ, ಅವನಿಗೆ ಸಾಧ್ಯವಿದ್ದಿದ್ದರೆ ಹಾರ್ನ್‌ಗೇ ಬರೆಯುತ್ತಿದ್ದ ಎಂದು ಊಹಿಸಿ ಹಲವು ನಿರ್ದೇಶಕರು ಬದಲಾಯಿಸಿಕೊಂಡರು. ‘ಎರೋಯಿಕಾ’ದ ಮೊದಲ ಭಾಗದ ಕೊನೆಯಲ್ಲೂ ಇಂಥದೇ ಒಂದು ತಿದ್ದುಪಡಿ ಬಹುಕಾಲ ನಡೆಯಿತು: ಎಳೆಯನ್ನು ಎತ್ತಿಕೊಂಡ ಟ್ರಂಪೆಟ್ ಬೀಥೋವನ್ ಬರೆದಂತೆ ನಡುದಾರಿಯಲ್ಲಿ ಕೈಬಿಡುತ್ತದೆ, ಉಳಿದದ್ದನ್ನು ಮರದ ಊದುವಾದ್ಯಗಳು ಒಳಗೊಳಗೆ ಮುಂದುವರಿಸುತ್ತವೆ, ಹಳೆಯ ಧ್ವನಿಮುದ್ರಣಗಳಲ್ಲಿ ಟ್ರಂಪೆಟ್ ಕೊನೆಯವರೆಗೂ ಮೊಳಗುತ್ತದೆ. ನನಗೆ ಬೀಥೋವನ್ ಬರೆದದ್ದೇ ಇಷ್ಟ. ಕೈಗೆ ಬಂದ ಜಯಘೋಷ ಮರೆಯಾಗಿ ಎಲ್ಲರಲ್ಲೂ ಬೆರೆತುಹೋಗುವ ಆ ಕ್ಷಣ, ತಿದ್ದಿದ ಪಾಠದಲ್ಲಿ ಸಿಗುವುದೇ ಇಲ್ಲ. ಜೊನಾಥನ್ ಡೆಲ್ ಮಾರ್ ಅವರು ಹಸ್ತಪ್ರತಿಗಳನ್ನೂ ಮೊದಲ ಮುದ್ರಣಗಳನ್ನೂ ಹೋಲಿಸಿ ಪರಿಷ್ಕರಿಸಿದ ಸ್ವರಲಿಪಿಯನ್ನು ಬೇರನ್‌ರೈಟರ್ ಪ್ರಕಾಶನ 1990ರ ದಶಕದ ಕೊನೆಯಲ್ಲಿ ಹೊರತಂದ ಮೇಲೆ ಇಂಥ ತಿದ್ದುಪಡಿಗಳು ಕಡಿಮೆಯಾಗಿವೆ. ಅದನ್ನು ಆಧರಿಸಿ ಜೂರಿಚ್ ಟೋನ್‌ಹಾಲೆ ವೃಂದದೊಡನೆ ಡೇವಿಡ್ ಜಿನ್‌ಮನ್ ಮಾಡಿದ ಸೆಟ್ ಅಗ್ಗದ ಬೆಲೆಗೆ ಬಂದು ಬಹಳ ಮನೆಗಳನ್ನು ತಲುಪಿತು. ಚುರುಕಾಗಿದೆ, ಒಮ್ಮೊಮ್ಮೆ ತೆಳುವೂ ಆಗಿದೆ.

ಈಗ ತಮ್ಮ ನಡುಮನೆಗೆ ಬರೋಣ. ಐದನೆಯದರ ಮೂರನೆಯ ಭಾಗದ ಕೊನೆಯಲ್ಲಿ ಎಲ್ಲವೂ ಉಡುಗಿ, ತಂತಿಗಳು ಹಿಡಿದಿಟ್ಟ ಸ್ವರಗಳ ಅಡಿಯಲ್ಲಿ ಟಿಂಪನಿಯೊಂದು ಎದೆಬಡಿತದಂತೆ ಮೆಲ್ಲಗೆ ಬಡಿಯುತ್ತದೆ. ಅಲ್ಲಿಂದ ಬಿಡುವಿಲ್ಲದೆ ಸದ್ದು ಉಬ್ಬಿ ನಾಲ್ಕನೆಯ ಭಾಗ ಸ್ಫೋಟಿಸುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಟ್ರಾಂಬೋನ್‌ಗಳು ಮೊದಲ ಬಾರಿಗೆ ದನಿಗೂಡಿಸುವುದು ಆಗಲೇ. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಆ ಟಿಂಪನಿ ತಮಗೆ ಕೇಳಿಸುವುದಿಲ್ಲ. ಕೇಳಿಸಲೆಂದು ಸದ್ದು ಏರಿಸಿದರೆ ಮುಂದಿನ ಸ್ಫೋಟಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ದೊಡ್ಡ ಸಭಾಂಗಣದಲ್ಲಿ ದೊಡ್ಡ ವೃಂದವನ್ನು ಮುದ್ರಿಸಿದ ಸೆಟ್‌ಗಳಲ್ಲಿ ಈ ತೊಂದರೆ ಹೆಚ್ಚು, ಚಿಕ್ಕ ವೃಂದದವುಗಳಲ್ಲಿ ಕಡಿಮೆ. ನನಗೆ ಮೊದಲು ಈ ಸಿಂಫನಿ ಸಿಕ್ಕಿದ್ದು ಸ್ನೇಹಿತರೊಬ್ಬರು ಪ್ರತಿಮಾಡಿಕೊಟ್ಟ ಕ್ಯಾಸೆಟ್‌ನಲ್ಲಿ. ಆ ಟಿಂಪನಿಯ ನಡುವೆಯೇ ಒಂದು ಬದಿಯ ಟೇಪು ಮುಗಿದು ಟಕ್ಕೆಂದು ಗುಂಡಿ ಮೇಲೇಳುತ್ತಿತ್ತು. ತಿರುಗಿಸಿ ಹಾಕಿದರೆ ನೇರವಾಗಿ ಸ್ಫೋಟ. ಆರೇಳು ವರ್ಷ ನಾನು ಆ ಎರಡು ಭಾಗಗಳ ನಡುವೆ ಬಾಗಿಲಿದೆ ಎಂದೇ ತಿಳಿದಿದ್ದೆ. ಆದ್ದರಿಂದ ತಾವು ಫೋನಿನಲ್ಲಿ ಕೇಳುವುದಾದರೆ ಭಾಗಗಳ ನಡುವೆ ಜಾಹೀರಾತು ತೂರಿಸುವ ಉಚಿತ ಸೇವೆಗಳು ಬೇಡ. ಸಿ.ಡಿ. ಕೊಳ್ಳುವುದಾದರೆ ಪೆಟ್ಟಿಗೆಯ ಹಿಂಬದಿ ನೋಡಿ, ಯಾವ ಸಿಂಫನಿಯೂ ಎರಡು ತಟ್ಟೆಗಳಿಗೆ ಹರಿದುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ, ತಮಗೆ ನಾನು ಹೇಳುವ ಸೆಟ್ ನಿಕೊಲಾಸ್ ಆರ್ನೊನ್ಕೂರ್ ಅವರು ಚೇಂಬರ್ ಆರ್ಕೆಸ್ಟ್ರಾ ಆಫ್ ಯುರೋಪ್ ವೃಂದದೊಡನೆ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ 1990 ಮತ್ತು 1991ರ ಕಛೇರಿಗಳಲ್ಲಿ ಮುದ್ರಿಸಿದ್ದು. ಟೆಲ್ಡೆಕ್ ಕಂಪನಿ ಅದನ್ನು ಐದು ಸಿ.ಡಿ.ಗಳಾಗಿ ಹೊರತಂದಿತು. ಆರ್ನೊನ್ಕೂರ್ ಹಳೆಯ ವಾದ್ಯಗಳ ಪಂಥದ ಹಿರಿಯರಲ್ಲೊಬ್ಬರು. ಆದರೂ ಇಲ್ಲಿ ಅವರು ತಂತಿವಾದ್ಯ, ಮರದ ಊದುವಾದ್ಯಗಳನ್ನು ಈಗಿನವನ್ನೇ ಇಟ್ಟುಕೊಂಡು, ಟ್ರಂಪೆಟ್‌ಗಳನ್ನು ಮಾತ್ರ ಹಳೆಯ ಬಗೆಯವನ್ನು ಬಳಸಿದರು. ವೃಂದ ಚಿಕ್ಕದು, ವಾದಕರು ಹೆಚ್ಚಾಗಿ ಯುವಕರು. ಎಂಟನೆಯದರ ಆ ಕೆಳಗಿನ ಎಳೆ ಇದರಲ್ಲಿ ಕೇಳುತ್ತದೆ. ನಾಲ್ಕನೆಯದರ ನಿಧಾನ ಭಾಗದ ಕೊನೆಯಲ್ಲಿ ಟಿಂಪನಿ ಒಂಟಿಯಾಗಿ ನುಡಿಯುವಾಗ ಅದು ಚರ್ಮವಾದ್ಯ ಎಂಬುದು ಮನಸ್ಸಿಗೆ ನಾಟುತ್ತದೆ. ಎರಡನೆಯದನ್ನಂತೂ ಇವರು ದೊಡ್ಡ ಕೃತಿಯೆಂದೇ ನಂಬಿ ನುಡಿಸಿದ್ದಾರೆ. ಕೊರತೆ ಇಲ್ಲವೆಂದಲ್ಲ: ಕೆಲವು ಒತ್ತುಗಳು ಅತಿಯೆನಿಸುತ್ತವೆ, ಒಂಬತ್ತನೆಯದರಲ್ಲಿ ನನಗೆ ಇನ್ನಷ್ಟು ವಿಸ್ತಾರ ಬೇಕಿತ್ತು.

ಅದು ಸಿಗದಿದ್ದರೆ ಜಾರ್ಜ್ ಸೆಲ್ ಅವರು ಕ್ಲೀವ್‌ಲ್ಯಾಂಡ್ ವೃಂದದೊಡನೆ 1957ರಿಂದ 1964ರ ನಡುವೆ ಮಾಡಿದ ಸೆಟ್ ತೆಗೆದುಕೊಳ್ಳಿ. ಧ್ವನಿ ಸ್ವಲ್ಪ ಒಣಗಿದಂತಿದೆ, ಆದರೆ ಅಷ್ಟೊಂದು ಕೈಗಳು ಒಂದೇ ಕೈಯಾಗಿ ನುಡಿಸುವುದನ್ನು ಅಲ್ಲಿ ಕೇಳಬೇಕು. ಕಾರಾಯಾನ್ 1961–62 ಮೂರನೆಯ ಸ್ಥಾನದಲ್ಲಿರಲಿ.

ಮಗನ ಕೈಯಲ್ಲಿ ಇನ್ನೂ ಸ್ವಲ್ಪ ಹಣ ಉಳಿದರೆ ಎರಡು ಬಿಡಿ ತಟ್ಟೆಗಳನ್ನು ತರಿಸಿಕೊಳ್ಳಿ. ಒಂದು, ಕಾರ್ಲೋಸ್ ಕ್ಲೈಬರ್ ಅವರು ವಿಯೆನ್ನಾ ಫಿಲ್ಹಾರ್ಮೋನಿಕ್‌ನೊಡನೆ 1970ರ ದಶಕದ ನಡುವೆ ಮುದ್ರಿಸಿದ ಐದು ಮತ್ತು ಏಳು. ಇವರು ಪೂರ್ಣ ಸೆಟ್ ಮಾಡಲೇ ಇಲ್ಲ. ಇನ್ನೊಂದು, 1951ರ ಜುಲೈ 29ರಂದು ಬೈರಾಯ್ಟ್‌ನಲ್ಲಿ ಫುರ್ಟ್‌ವೆಂಗ್ಲರ್ ನಡೆಸಿದ ಒಂಬತ್ತನೆಯದು. ಮೊನೊ, ಸಭೆಯ ಕೆಮ್ಮು, ಎಲ್ಲಿಯೂ ಒಂದೇ ಕಡೆ ನಿಲ್ಲದ ಕಾಲಪ್ರಮಾಣ. ಮೊದಲ ದಿನವೇ ಕೇಳಿದರೆ ತಾಳ ಹಾಕುವ ಕೈ ತಬ್ಬಿಬ್ಬಾದೀತು. ಸೆಟ್‌ನ ಒಂಬತ್ತನೆಯದು ಬಾಯಿಪಾಠದಷ್ಟು ಪರಿಚಿತವಾದ ಮೇಲೆ, ಒಂದು ರಾತ್ರಿ ಫ್ಯಾನ್ ಆರಿಸಿ ಅದರ ಮೂರನೆಯ ಭಾಗವನ್ನು ಮಾತ್ರ ಹಾಕಿ ಕೇಳಿ.